ತಲೆಯ ಸುತ್ತಳತೆ

ಫೋನಿನಲ್ಲಿ ಚಿತ್ರ ಸಮಾಜದ ಕಾರ್ಯದರ್ಶಿ:
‘ಶನಿವಾರ ಸಂಜೆಗೊಂದು ಪೇಟ ಬೇಕಮ್ಮ,
ಬಂಗಾಳದ ದೊಡ್ಡ ನಟರು, ನಿಶಾಕರ್ ಮೊಯಿತ್ರಾ.
ಅಂಚು ಅಗಲವಿರಲಿ, ಜರಿ ಮಾತ್ರ ಅಸಲಿ.’
ತಲೆ ಎಷ್ಟು ಸಾರ್, ಅಂದೆ.
‘ಎಪ್ಪತ್ತೆಂಟು ತುಂಬಿತು’ ಅಂದರು.

ವಯಸ್ಸಲ್ಲ ಸ್ವಾಮಿ, ಸುತ್ತಳತೆ.

ನನ್ನ ಮಾವ ಗಣೋಜಿರಾಯರು ಹೇಳುತ್ತಿದ್ದರು:
ಮಂತ್ರಿಗಳಿಗೆ ಇಪ್ಪತ್ಮೂರು, ವಿದ್ವಾಂಸರಿಗೆ ಇಪ್ಪತ್ತೆರಡು,
ಮದುಮಗನಿಗೆ ಅರ್ಧ ಅಂಗುಲ ಹೆಚ್ಚೇ ಬಿಡು,
ಅವತ್ತು ಅವನ ತಲೆ ಅವನದಲ್ಲ.
ನಟರಿಗೆ ಎಷ್ಟೆಂದು
ಹೇಳದೆಯೇ ಹೋದರು.

ಸಮಾಜದ ಹುಡುಗ ಸೈಕಲ್ಲಿನಲ್ಲಿ ಬಂದು ಪುಸ್ತಿಕೆ ಕೊಟ್ಟ.
ಶಿವರಾಂಪೇಟೆಯ ಎಂಟಡಿ ಅಂಗಡಿಯಲ್ಲಿ
ಮರದ ತಲೆಗಳ ಸಾಲಿನ ಕೆಳಗೆ ಕೂತು
ಟೇಪು ಹಿಡಿದು ನೋಡಿದೆ ಐವತ್ತು ವರ್ಷ.

ಮೊದಲ ಚಿತ್ರದಲ್ಲಿ ಟ್ರಾಮಿನ ಕಂಡಕ್ಟರು,
ಎಣ್ಣೆ ಬಳಿದು ಓರೆ ಬೈತಲೆ. ಇಪ್ಪತ್ತೊಂದೂವರೆ, ಮೀರಿದರೆ ಕೇಳಿ.
ಆಮೇಲೆ ಜಮೀನ್ದಾರ: ಬಾಡಿಗೆ ಪಗಡಿ,
ಸುತ್ತಿದವನಿಗೆ ಸುತ್ತಲು ಬಂದಿಲ್ಲ, ಎಡಕ್ಕೆ ಜಾರಿದೆ,
ಅದೇ ಪಾತ್ರಕ್ಕೆ ಪದಕ ಬಂದಿದೆ.
ಮತ್ತೊಂದರಲ್ಲಿ ಬೋಳು,
ತಾಯಿಗೆ ಕೊಳ್ಳಿಯಿಟ್ಟು ನದಿಯಿಂದ ಏಳುವ ಮಗ.
ಕೆಳಗೆ ಸಣ್ಣಕ್ಷರದಲ್ಲಿ: ಚಿತ್ರೀಕರಣ ಮುಗಿದ ವಾರಕ್ಕೆ
ನಿಜದ ತಾಯಿಯೂ ಹೋದರು,
ಕ್ಷೌರಿಕನನ್ನು ಮತ್ತೆ ಕರೆಸುವ ಪ್ರಮೇಯ ಬರಲಿಲ್ಲ.

ನಾನು ಟೇಪು ಸುತ್ತಿ ಕೆಳಗಿಟ್ಟೆ.
ಒಂದು ಲೋಟ ಕಾಫಿ ತರಿಸಿದೆ.

ಕೊನೆಯ ಎರಡು ಪುಟ ಪೂರಾ ಮರ್ಯಾದೆಗಳು.
ದೆಹಲಿಯ ಪದಕ ಮೂರು ಸಲ, ಫ್ರಾನ್ಸಿನವರ ಬಿಲ್ಲೆ,
ಎರಡು ವಿಶ್ವವಿದ್ಯಾಲಯಗಳ ಡಾಕ್ಟರು,
ಒಂದು ಪ್ರಶಸ್ತಿಯನ್ನಂತೂ ಅಂಚೆಯಲ್ಲಿ ತರಿಸಿಕೊಂಡರಂತೆ,
ಆಗ ಹಡಗಿನ ಅಡುಗೆಯವನಾಗಿದ್ದರು,
ಬಾಣಲೆ ಬಿಟ್ಟು ಬರುವ ಹಾಗಿರಲಿಲ್ಲ.
ಎಲ್ಲ ಎದೆಗೆ, ಹೆಗಲಿಗೆ, ಗೋಡೆಗೆ.
ತಲೆಗೆ ಬಂದದ್ದು ಡಾಕ್ಟರ ಟೋಪಿಯೊಂದೇ,
ಅದನ್ನೂ ಸಂಜೆಗೆ ವಾಪಸು ಪಡೆಯುತ್ತಾರೆ.

ಇಪ್ಪತ್ತೆರಡೂವರೆಗೆ ರಟ್ಟು ಬಗ್ಗಿಸಿದೆ.
ಮಡಿಕೆಯ ಮೇಲೆ ಮಡಿಕೆ, ಬಿಳಿ ರೇಷ್ಮೆ,
ಹಲ್ಲಲ್ಲಿ ದಾರ ಕಡಿದು, ಜರಿಯಂಚು ಹಣೆಗೆ ಬರುವಂತೆ.
ಅವರ ಒಂದು ಚಿತ್ರವನ್ನೂ ನೋಡಿದವಳಲ್ಲ.
ಬಾಗಿಲು ಹಾಕಿ ಪುರಭವನದ ಹಿಂದಿನ ಸಾಲಿನಲ್ಲಿ ಕೂತೆ,
ಪೇಟ ಕೂರುತ್ತದೋ ಇಲ್ಲವೋ, ಅಷ್ಟೇ ಚಿಂತೆ.

ಕೂರಲಿಲ್ಲ.
ಯಾವ ಕಾಯಿಲೆಯೋ, ಚಿತ್ರದಲ್ಲಿದ್ದ ತಲೆ ಅದಲ್ಲ.
ಅಧ್ಯಕ್ಷರು ತೊಡಿಸಿ ಕೈ ತೆಗೆದದ್ದೇ
ಹುಬ್ಬು ದಾಟಿ, ಕಣ್ಣು ಮುಚ್ಚಿ, ಮೂಗಿನ ಮೇಲೆ ನಿಂತಿತು.
ಸಭೆಯಲ್ಲಿ ನಗು ಎದ್ದೇಬಿಡಬೇಕು,
ನನ್ನ ಎದೆ ಬಾಯಿಗೆ ಬಂತು.

ಅವರು ತೆಗೆಯಲಿಲ್ಲ.
ಕತ್ತಲಲ್ಲಿ ಮನೆ ಹೊಸ್ತಿಲು ತಡಕುವವರ ಹಾಗೆ
ಬಲಗೈ ನಿಧಾನಕ್ಕೆ ಮುಂದೆ ಮಾಡಿದರು,
ಮೈಕಿನ ಕಂಬ ಸಿಕ್ಕಿತು, ಹಿಡಿದುಕೊಂಡರು,
ಗಲ್ಲ ಎತ್ತಿ ಜರಿಯ ಕೆಳಗಿನಿಂದ ದೀಪ ನೋಡಿದರು.
ಕೆಮ್ಮುತ್ತಿದ್ದವರು ಕೆಮ್ಮು ನುಂಗಿದರು.
ಎಷ್ಟು ಹೊತ್ತೋ.
ಆಮೇಲೆ ಜೇಬಿನ ಕರವಸ್ತ್ರ ನಾಲ್ಕು ಮಡಿಕೆ ಮಾಡಿ
ಪೇಟದೊಳಗಿಟ್ಟು, ಮತ್ತೆ ತಾವೇ ಹಾಕಿಕೊಂಡು
‘ನೊಮೊಸ್ಕಾರ ಮೈಸೂರು’ ಅಂದರು.
ಆಗ ನಕ್ಕರು ಎಲ್ಲ. ನಾನು ನಗಲಿಲ್ಲ,
ಯಾಕೆಂದರೆ ತಪ್ಪು ನನ್ನದು.

ಭಾನುವಾರ ಬೆಳಿಗ್ಗೆ ಮತ್ತೆ ಅದೇ ಸೈಕಲ್ಲು.
‘ಚಿಕ್ಕದು ಮಾಡಿಕೊಡಬೇಕಂತೆ, ಅವರೇ ಹೇಳಿದ್ದು.
ಕಲ್ಕತ್ತೆಯಲ್ಲಿ ಮನೆಯೊಳಗೇ ಹಾಕಿಕೊಳ್ಳುತ್ತಾರಂತೆ.’
ಒಳಗೆ ಕರವಸ್ತ್ರ ಹಾಗೇ ಇತ್ತು,
ಒಂದು ಮೂಲೆಯಲ್ಲಿ ನೀಲಿ ದಾರದ ಬಂಗಾಳಿ ಅಕ್ಷರ,
ಮಧ್ಯೆ ಕೂದಲಿಗೆ ಹಚ್ಚಿದ ಕಪ್ಪಿನ ಕಲೆ.
ಹೊಲಿಗೆ ಬಿಚ್ಚಿ, ರಟ್ಟು ಕತ್ತರಿಸಿ, ಮತ್ತೆ ಸುತ್ತಿದೆ.
ಕರವಸ್ತ್ರ ಒಗೆದರೂ ಕಲೆ ಹೋಗಲಿಲ್ಲ,
ಇಸ್ತ್ರಿ ಮಾಡಿ ಒಳಗೇ ಇಟ್ಟೆ.

ಮಾವನ ಅಳತೆ ಪುಸ್ತಕದಲ್ಲಿ ಬರೆದಿದ್ದೇನೆ:
ಮೊಯಿತ್ರಾ, ನಟರು. ಇಪ್ಪತ್ತೊಂದೂವರೆ.
ಪಕ್ಕದಲ್ಲಿ: ಸಮಾಜದಿಂದ ಬಾಕಿ, ಮುನ್ನೂರು.